ಚೆಕ್‌ಲಿಸ್ಟಲ್ಲಿ 95, ತೂಕದಲ್ಲಿ ಫೇಲ್: ವೃದ್ಧಾಶ್ರಮದ ಆರೈಕೆ ಅಳೆದ ನನ್ನ ಅನುಭವ

"ಮೂಲೇಲಿ ಕುರ್ಚಿ ಹಾಕ್ಕೊಂಡು ಕೂತ್ರೆ ಕ್ವಾಲಿಟಿ ಗೊತ್ತಾಗುತ್ತಾ ಸಿಸ್ಟರ್?" ಅಂತ ನಾನು ಕ್ವಾಲಿಟಿ ನೋಡ್ಕೊಳ್ಳೋ ವೃದ್ಧಾಶ್ರಮದ ಮಾಲೀಕರು ನಕ್ಕಿದ್ರು. ಆರೈಕೆ ಹೆಂಗಿದೆ ಅಂತ ಮೂಲೇಲಿ ಕೂತು ಗಮನಿಸಿ ಗುರುತು ಹಾಕ್ತೀನಿ ಅಂದಿದ್ದೆ, ಅದಕ್ಕೆ. ಅಕೌಂಟ್ಸ್‌ನವರೂ ನಕ್ಕಿದ್ರು. ಬೇರೆ ಕಡೆ ಇದೇ ಕ್ವಾಲಿಟಿ ಕೆಲಸ ಮಾಡೋ ನನ್ನ ಬ್ಯಾಚಿನವರಂತೂ ನಿಂಗೆ ಮಾಡೋಕೆ ಬೇರೆ ಕೆಲಸ ಇಲ್ವಾ ಅಂದ್ರು. ಈಗ ಎರಡು ವರ್ಷದ ಹತ್ರ ಆಯ್ತು, ಲೆಕ್ಕ ಕೈಯಲ್ಲಿದೆ, ಅದೇ ಬ್ಯಾಚಿನವರು ಫೋನ್ ಮಾಡಿ ಹೆಂಗೆ ಮಾಡಿದೆ ಹೇಳು ಅಂತಿದಾರೆ, ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಬ್ರೇಡನ್ ಸ್ಕೋರ್ (ಬೆಡ್‌ಸೋರ್ ಆಗೋ ಅಪಾಯದ ಅಂಕ, ಕಮ್ಮಿ ಇದ್ದಷ್ಟೂ ಅಪಾಯ ಜಾಸ್ತಿ) ಅಂದ್ರೇನು, ಬೆಡ್‌ಸೋರ್‌ಗೆ (ಒಂದೇ ಮಗ್ಗುಲಲ್ಲಿ ಮಲಗಿ ಒತ್ತಿ ಆಗೋ ಹುಣ್ಣು) ಗ್ರೇಡ್ ಹೆಂಗೆ ಹಾಕೋದು, ಆರೈಕೆಯ ಗುಣಮಟ್ಟ ಅಳೆಯೋಕೆ ಡೊನಬೆಡಿಯನ್ 1966ರಲ್ಲಿ ಹೇಳಿದ ರಚನೆ-ಪ್ರಕ್ರಿಯೆ-ಫಲಿತಾಂಶ ಏನು, ಇದೆಲ್ಲ ನಿಮಗೆ ಗೊತ್ತಿದೆ ಅಂದ್ಕೊಂಡೇ ಮುಂದೆ ಹೋಗ್ತೀನಿ.

ನಮ್ದು ಹತ್ರಹತ್ರ 60 ಬೆಡ್ಡಿನ ಜಾಗ. ಮೂರರಲ್ಲಿ ಒಬ್ರು ಹಾಸಿಗೆ ಹಿಡಿದವರು, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮರೆವಿನ ಕಾಯಿಲೆ. ನಾನು ಸೇರಿದಾಗ ಕ್ವಾಲಿಟಿ ಅಂದ್ರೆ ಒಂದು ದಪ್ಪ ಫೈಲು. ಹೊರಗಿನ ಒಂದು ಕನ್ಸಲ್ಟೆಂಟ್ ಕಂಪನಿ ಬಂದು ಇನ್ನೂರು ಚಿಲ್ಲರೆ ಪಾಯಿಂಟಿನ ಚೆಕ್‌ಲಿಸ್ಟ್ ಮಾಡಿಕೊಟ್ಟು ಹೋಗಿತ್ತು, ಅದಕ್ಕೆ ಕೊಟ್ಟ ದುಡ್ಡಲ್ಲಿ ಇಬ್ಬರು ಆಯಾಗಳಿಗೆ ಮೂರು ನಾಲ್ಕು ತಿಂಗಳ ಸಂಬಳ ಆಗ್ತಿತ್ತು. ಬೆಂಕಿ ಆರಿಸೋ ಸಿಲಿಂಡರ್ ಇದೆಯಾ, ಇದೆ. ಟರ್ನಿಂಗ್ ಚಾರ್ಟ್ (ಯಾವಾಗ ಮಗ್ಗುಲು ಬದಲಿಸಿದ್ರು ಅಂತ ಬರೆಯೋ ಪಟ್ಟಿ) ತುಂಬಿದೆಯಾ, ತುಂಬಿದೆ. ಪ್ರತಿ ತಿಂಗಳು ನೂರಕ್ಕೆ 94, 95, 96. ಅದೇ ತಿಂಗಳುಗಳಲ್ಲಿ ಇಬ್ಬರಿಗೆ ಮೂಳೆ ಕಾಣೋ ಅಷ್ಟು ಆಳದ ಹುಣ್ಣು ಇತ್ತು, ಆಸ್ಪತ್ರೆಗೆ ಹೋದವರು ವಾಪಸ್ ಬರದೇ ಬೆಡ್ ಖಾಲಿ ಬಿದ್ದಿರ್ತಿತ್ತು.

ಒಂದ್ಸಲ ರಾತ್ರಿ ಒಂದು ಗಂಟೆ ಹೊತ್ತಿಗೆ ಸುಮ್ನೆ ಹೋಗಿ ಟರ್ನಿಂಗ್ ಚಾರ್ಟ್ ತೆಗೆದು ನೋಡಿದೆ. 2 ಗಂಟೆ ಎಡಕ್ಕೆ, 4 ಗಂಟೆ ಬಲಕ್ಕೆ, 6 ಗಂಟೆ ಅಂಗಾತ, ಮೂರಕ್ಕೂ ಸೈನ್ ಆಗಿತ್ತು, ಒಂದೇ ಪೆನ್ನು, ಒಂದೇ ಓಟ. ಬೆಳಗಿನ 6 ಗಂಟೆ ಇನ್ನೂ ಬಂದೇ ಇಲ್ಲ ಮಾರಾಯ್ರೇ! ಆದ್ರೆ ರಾತ್ರಿ ಪಾಳಿಯ ಆ ಹುಡುಗೀನ ಬೈದು ಏನೂ ಪ್ರಯೋಜನ ಇಲ್ಲ, ಇಪ್ಪತ್ತು ಜನಕ್ಕೆ ಒಬ್ಬಳೇ ಇದ್ದಳು, ಚಾರ್ಟ್ ಖಾಲಿ ಇದ್ರೆ ಮೆಮೋ, ಅಜ್ಜಿ ಮಗ್ಗುಲು ಬದಲಾಗದಿದ್ರೆ ಯಾರೂ ಕೇಳಲ್ಲ. ಅವಳು ಯಾವುದು ಮಾಡ್ತಾಳೆ ಹೇಳಿ.

ಆಮೇಲೆ ಫೀಡ್‌ಬ್ಯಾಕ್ ಫಾರಂ ಮಾಡಿದ್ವಿ. 5ಕ್ಕೆ 4.6 ಬಂತು. ಮನೆಯವರು ಬರೋದು ಭಾನುವಾರ ಹನ್ನೊಂದು ಗಂಟೆಗೆ, ಆಗ ಎಲ್ರಿಗೂ ಸ್ನಾನ ಆಗಿ ಪೌಡರ್ ಹಾಕಿ ಕೂರಿಸಿರ್ತೀವಿ, 4.6 ಬರದೇ ಇನ್ನೇನು. ಇನ್ನು ಕೆಲವರಿಗೆ ಹೆದರಿಕೆ, ಏನಾದ್ರೂ ಬರೆದ್ರೆ ಅಮ್ಮನ ಮೇಲೆ ಸಿಟ್ಟು ತೀರಿಸ್ಕೋತಾರೆ ಅಂತ. ಮರೆವು ಇರೋರ ಹತ್ರ ಯಾರೂ ಫಾರಂ ತಗೊಂಡೇ ಹೋಗಲಿಲ್ಲ, ಅಂದ್ರೆ ಅರ್ಧ ಮನೆ ಲೆಕ್ಕದಲ್ಲೇ ಇಲ್ಲ. ಅದಾದ ಮೇಲೆ ಕ್ಯಾಮೆರಾ ಹುಚ್ಚು. ಕಾರಿಡಾರ್ ತುಂಬಾ ಹಾಕಿಸಿದ್ರು, ನನ್ನ ನೆನಪಲ್ಲಿ ಆ ಖರ್ಚು ಕನ್ಸಲ್ಟೆಂಟ್ ಬಿಲ್ಲಿಗಿಂತ ದುಪ್ಪಟ್ಟು. ನೋಡೋಕೆ ಜನ ಎಲ್ಲಿ? ಆಯಾಗಳು ಕ್ಯಾಮೆರಾ ಸಿಗದ ಮೂಲೆಗೆ ಹೋಗಿ ಕೂರೋದು ಕಲಿತ್ರು ಅಷ್ಟೆ.

ಇದೆಲ್ಲ ಆದ್ಮೇಲೆ ನಾನು ಹಿಡಿದಿದ್ದು ಮೂರೇ ವಿಷಯ. ತೂಕ, ಮೂಲೇಲಿ ಕೂರೋದು, ಮತ್ತೆ ಸಾವಿರ ಬೆಡ್-ದಿನಕ್ಕೆ (ಒಂದು ಬೆಡ್ಡಿಗೆ ಒಂದು ದಿನ ಅಂದ್ರೆ ಒಂದು ಬೆಡ್-ದಿನ) ಇಷ್ಟು ಅಂತ ನಾಲ್ಕೈದು ಎಣಿಕೆ. ಫೈಲ್ ಬಿಡಲಿಲ್ಲ, ಇನ್‌ಸ್ಪೆಕ್ಷನ್‌ಗೆ ಬೇಕಲ್ಲ, ಆದ್ರೆ ಅದನ್ನ ನಂಬೋದು ಬಿಟ್ಟೆ.

ತೂಕದ ವಿಷಯ ಎಲ್ರಿಗೂ ಸಸಾರ. ಹಳೇ ರಿಜಿಸ್ಟರ್ ತೆಗೆದ್ರೆ 52, 52, 52, ಆರು ತಿಂಗಳು ಒಂದೇ ನಂಬರ್, ಕಾಪಿ ಹೊಡೆದಿದ್ದು ಅಂತ ಕಣ್ಣು ಮುಚ್ಚಿ ಹೇಳಬಹುದು. ಸರಿಯಾಗಿ ತೂಗೋದು ಕಷ್ಟ ಕೂಡ. ನೆನೆದ ಡಯಾಪರ್ ಒಂದೇ ಅರ್ಧ ಕೆಜಿ ತೋರಿಸುತ್ತೆ. ಹಾಗಾಗಿ ಅದೇ ಸ್ಕೇಲು, ಬೆಳಿಗ್ಗೆ ತಿಂಡಿಗೆ ಮುಂಚೆ, ಒಣ ಡಯಾಪರ್, ಕಾಲು ಊದಿದ್ರೆ ಪಕ್ಕದಲ್ಲಿ ಒಂದು ಗುರುತು, ಯಾಕಂದ್ರೆ ಹಾರ್ಟ್ ತೊಂದರೆ ಇರೋರಿಗೆ ನೀರು ತುಂಬಿ ಮಾಂಸ ಕರಗಿದ್ದು ಗೊತ್ತೇ ಆಗಲ್ಲ. ಕುರ್ಚಿ ಸ್ಕೇಲಿಗೆ ದುಡ್ಡು ಕೊಡಿ ಅಂತ ನಾನು ತಿಂಗಳುಗಟ್ಟಲೆ ತಲೆ ತಿಂದಿದೀನಿ. ಏಳಕ್ಕೇ ಆಗದವರಿಗೆ ತೋಳಿನ ಸುತ್ತಳತೆ ಟೇಪಲ್ಲಿ ತಗೋತೀನಿ, 23.5 ಸೆಂ.ಮೀ. ಕೆಳಗೆ ಬಂದ್ರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 20ರ ಕೆಳಗಿರೋ ಸಾಧ್ಯತೆ ಅಂತ ಲೆಕ್ಕ. ತೂಕ ಇಳಿದಿದ್ದು ತಿಂಗಳಲ್ಲಿ ಶೇ 5, ಮೂರು ತಿಂಗಳಲ್ಲಿ ಶೇ 7.5, ಆರು ತಿಂಗಳಲ್ಲಿ ಶೇ 10, ಇದರಲ್ಲಿ ಯಾವುದು ಮುಟ್ಟಿದ್ರೂ ಆವತ್ತೇ ಡಾಕ್ಟರಿಗೆ ಫೋನು.

ಮೊದಲ ಒಂದೆರಡು ತಿಂಗಳ ನಿಜವಾದ ತೂಕ ಕೈಗೆ ಬಂದಾಗ ಅಡುಗೆಮನೆ ಇನ್‌ಚಾರ್ಜ್ ನನ್ನ ಜೊತೆ ಜಗಳಕ್ಕೇ ನಿಂತ್ರು. ಒಬ್ರು ಅಜ್ಜಿ 48 ಇದ್ದವರು ಎರಡು ತಿಂಗಳ ಆಸುಪಾಸಲ್ಲಿ 44.5ಕ್ಕೆ ಇಳಿದಿದ್ರು, ಶೇ 7ರ ಮೇಲೆ ಆಯ್ತು. ಚಾರ್ಟಲ್ಲಿ ಮೂರು ಹೊತ್ತೂ "ಪೂರ್ತಿ ಊಟ ಮಾಡಿದರು". ಸರಿ ಅಂತ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಕೂತೆ. ತಟ್ಟೆ ಬಂತು, ಅಜ್ಜಿ ಎರಡು ತುತ್ತು ಬಾಯಿಗೆ ಹಾಕ್ಕೊಂಡ್ರು, ಅಗಿಯೋಕೆ ಆಗದೇ ಕೆನ್ನೆ ಒಳಗೆ ಇಟ್ಕೊಂಡ್ರು, ಸೆರಗಿನ ತುದಿಗೆ ಮೆಲ್ಲಗೆ ಉಗಿದ್ರು. ಹತ್ತು ನಿಮಿಷಕ್ಕೆ ಆಯಾ ಬಂದು "ಸಾಕಾ ಅಜ್ಜಿ?" ಅಂದ್ಲು, ಅಜ್ಜಿ ತಲೆ ಆಡಿಸಿದ್ರು, ತಟ್ಟೆ ಹೋಯ್ತು. ಹಲ್ಲುಸೆಟ್ಟು ಹಿಂದಿನ ಸಲ ಆಸ್ಪತ್ರೆಗೆ ಹೋದಾಗ ಅಲ್ಲೇ ಕಳೆದಿತ್ತು, ಯಾರೂ ಬರೆದಿಟ್ಟಿಲ್ಲ. ಚಮಚದಲ್ಲಿ ತಿನ್ನಿಸಬೇಕಾದವರಿಗೆ ನಾನು ವಾಚ್ ಹಿಡಿದು ನೋಡಿದ ಪ್ರಕಾರ 30-40 ನಿಮಿಷ ಬೇಕು, ನಮ್ಮಲ್ಲಿ ಸಿಗ್ತಿದ್ದಿದ್ದು ಹತ್ತು ಹನ್ನೆರಡು. ಇನ್ನೂರು ಪಾಯಿಂಟಿನ ಆ ಚೆಕ್‌ಲಿಸ್ಟಲ್ಲಿ ಊಟದ್ದೇ ಇಪ್ಪತ್ತೈದು ಪಾಯಿಂಟ್ ಇತ್ತು. ಫ್ರಿಜ್ ಟೆಂಪರೇಚರ್, ಅಡುಗೆಯವರ ಟೋಪಿ, ಮೆನು ಬೋರ್ಡು. ಊಟ ಹೊಟ್ಟೆಗೆ ಹೋಯ್ತಾ ಅನ್ನೋ ಪಾಯಿಂಟ್ ಮಾತ್ರ ಇರಲಿಲ್ಲ.

ಈಗ ಕೂರೋ ವಿಷಯ. ಇದೇನು ನಾನು ಕಂಡುಹಿಡಿದಿದ್ದಲ್ಲ. ಬ್ರಿಟನ್ನಿನ ಬ್ರಾಡ್‌ಫರ್ಡಲ್ಲಿ ಟಾಮ್ ಕಿಟ್‌ವುಡ್ ಮತ್ತೆ ಕ್ಯಾಥ್ಲೀನ್ ಬ್ರೆಡಿನ್ ಮಾಡಿದ ಡಿಮೆನ್ಷಿಯಾ ಕೇರ್ ಮ್ಯಾಪಿಂಗ್ ಅನ್ನೋ, ಮರೆವಿನ ಕಾಯಿಲೆಯವರನ್ನ ಕೂತು ಗಮನಿಸೋ ವಿಧಾನದಲ್ಲಿ ಐದೈದು ನಿಮಿಷಕ್ಕೆ ಒಂದ್ಸಲ ಗುರುತು ಹಾಕ್ತಾರೆ, 1993ರ ಕ್ವಿಸ್ (QUIS) ಅನ್ನೋ ಇನ್ನೊಂದು ಗಮನಿಸೋ ವಿಧಾನದಲ್ಲಿ ಸಿಬ್ಬಂದಿ-ಹಿರಿಯರ ನಡುವಿನ ಒಂದೊಂದು ವ್ಯವಹಾರಕ್ಕೂ ಐದು ಬಗೆ ಮಾಡಿದಾರೆ. ಅದನ್ನ ಪೂರ್ತಿ ಕಲಿಯೋಕೆ ಟ್ರೈನಿಂಗ್ ಬೇಕು, ಅಷ್ಟು ದುಡ್ಡು ನಮ್ಮಲ್ಲಿಲ್ಲ. ನಾನು ಎರಡನ್ನೂ ಸೇರಿಸಿ ಕತ್ತರಿಸಿ ನನ್ನ ಕೈಗೆ ಸಿಗೋ ಹಾಗೆ ಮಾಡ್ಕೊಂಡೆ. ನಾಲ್ಕೈದು ಜನ ಹಿರಿಯರನ್ನ ಆರಿಸ್ಕೊಂಡು ಅರ್ಧ ಗಂಟೆ ಕೂರೋದು, ಐದು ನಿಮಿಷಕ್ಕೊಂದು ಗುರುತು. ಮಾತಾಡಿಸಿ ಕೆಲಸ ಮಾಡಿದ್ರೆ ಒಂದು, ಬಾಯಿ ಬಿಡದೇ ಕೆಲಸ ಮಾತ್ರ ಮಾಡಿದ್ರೆ ಇನ್ನೊಂದು, ಗದರಿದ್ರೆ, ಎಳೆದ್ರೆ, ತಡೆದ್ರೆ ಮೂರನೇದು. ನಾಲ್ಕನೇದು ನಾನೇ ಸೇರಿಸಿದ್ದು: ಯಾರೂ ಹತ್ರ ಬರಲಿಲ್ಲ.

ಎಲ್ಲ ಬಯಲು ಮಾಡಿದ್ದು ಆ ನಾಲ್ಕನೇ ಕಾಲಮ್ಮೇ. ನಾನು ಗದರಾಟ ಸಿಗುತ್ತೆ ಅಂದ್ಕೊಂಡು ಹೋಗಿದ್ದೆ, ಅದು ಸಿಕ್ಕಿದ್ದು ಕಮ್ಮಿ. ಸಿಕ್ಕಿದ್ದು ಖಾಲಿ. ಮಧ್ಯಾಹ್ನ ಮೂರರಿಂದ ಐದರ ತನಕ ನೂರಕ್ಕೆ ಅರವತ್ತು ಎಪ್ಪತ್ತು ಗುರುತು ಖಾಲಿ ಕಾಲಮ್ಮಿಗೇ ಬಿದ್ದಿರೋದು. ಅದರಲ್ಲೂ ಗಲಾಟೆ ಮಾಡದ, ಸುಮ್ನೆ ಕೂತಿರೋ ತಾತಂದಿರು ಇಡೀ ಹೊತ್ತು ಖಾಲಿ. ಕಿರಿಚೋರಿಗೆ ಗದರಾಟ ಆದ್ರೂ ಸಿಗುತ್ತೆ, ಇವರಿಗೆ ಅದೂ ಇಲ್ಲ.

ನೀವು ಕೂತ್ರೆ ಅವರು ನಾಟಕ ಮಾಡಲ್ವಾ ಅಂತ ಎಲ್ರೂ ಕೇಳ್ತಾರೆ. ಮಾಡ್ತಾರೆ. ಮೊದಲ ಕೆಲವು ಸಲ ನನ್ನನ್ನ ನೋಡಿ "ಅಜ್ಜೀ ಬಂಗಾರಾ" ಅಂತ ಹೊಸ ಹೊಸ ಪ್ರೀತಿ. ಅರ್ಧ ಗಂಟೆ ಆ ನಾಟಕ ನಿಲ್ಲಲ್ಲ, ಕೆಲಸದ ಒತ್ತಡ ಹಂಗಿರುತ್ತೆ, ಹತ್ತು ಹದಿನೈದು ನಿಮಿಷಕ್ಕೆ ಮರೀತಾರೆ. ಅದಕ್ಕೇ ಮೊದಲ ಹತ್ತು ನಿಮಿಷದ ಗುರುತು ನಾನು ಲೆಕ್ಕಕ್ಕೆ ಹಿಡಿಯಲ್ಲ. ಎಲ್ಲಿ ಕೂರ್ತೀನಿ, ಕೈಯಲ್ಲಿ ಏನು ಹಿಡ್ಕೊಂಡಿರ್ತೀನಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ನಮ್ಮ ಸ್ಟಾಫೂ ಇದನ್ನ ಓದ್ತಾರೆ. ಹೊತ್ತು ಮಾತ್ರ ಹೇಳ್ತೀನಿ, ಶಿಫ್ಟ್ ಬದಲಾಗೋ ಅರ್ಧ ಗಂಟೆ, ಭಾನುವಾರ ಮನೆಯವರು ಹೋದ್ಮೇಲಿನ ಮಧ್ಯಾಹ್ನ, ಮತ್ತೆ ಬೆಳಗಿನ ಜಾವ. ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಯಾವ ಹೋಮಾದ್ರೂ ಚೆನ್ನಾಗೇ ಕಾಣುತ್ತೆ, ಆಗ ಹೋಗೋದು ದಂಡ.

ಬೆಳಗಿನ ಜಾವ ಹೋಗಿದ್ದಕ್ಕೆ ಸಿಕ್ಕಿದ್ದು ನಾಲ್ಕೂವರೆ ಸ್ನಾನ. ರಾತ್ರಿ ಪಾಳಿಯವರು ಹೋಗೋಕೆ ಮುಂಚೆ ಇಷ್ಟು ಸ್ನಾನ ಮುಗಿಸಿರಬೇಕು ಅಂತ ಯಾವ ಕಾಲದಲ್ಲೋ ಯಾರೋ ಹೇಳಿದ್ದು ನಿಯಮ ಆಗಿಬಿಟ್ಟಿತ್ತು, ಗಾಢ ನಿದ್ದೆಯಲ್ಲಿರೋರನ್ನ ಎಬ್ಬಿಸಿ ನೀರು ಹಾಕೋದು, ಆಮೇಲೆ ಅವರು ಹಗಲೆಲ್ಲ ತೂಕಡಿಸ್ತಿದ್ರೆ ಮಬ್ಬು ಜಾಸ್ತಿ ಆಗಿದೆ ಅಂತ ನೋಟ್ ಬರೆಯೋದು. ಮಾಲೀಕರಿಗೆ ಇದು ಗೊತ್ತೇ ಇರಲಿಲ್ಲ, ಅವರು ಒಪ್ಪಿ ತಕ್ಷಣ ಬದಲಾಯಿಸಿದ ಮೊದಲ ವಿಷಯ ಇದೇ, ಯಾಕಂದ್ರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ಹೇಳಲೇಬೇಕು. ಒಬ್ಬ ಆಯಾ ಇದ್ದಳು, ಕೆಲಸ ನಿಧಾನ, ಸ್ನಾನದ ಕೋಟಾ ಯಾವತ್ತೂ ಮುಗಿಸ್ತಿರಲಿಲ್ಲ, ಫೈಲ್ ಪ್ರಕಾರ ಎಲ್ರಿಗಿಂತ ಕೆಳಗೆ, ತೆಗೆದುಹಾಕೋ ಮಾತು ನಡೀತಿತ್ತು. ನನ್ನ ಶೀಟಲ್ಲಿ ಮಾತಾಡಿಸಿ ಕೆಲಸ ಮಾಡೋ ಗುರುತು ಅತಿ ಹೆಚ್ಚು ಬಂದಿದ್ದು ಅವಳಿಗೇ. ಅವಳು ನೋಡ್ಕೊಳ್ಳೋ ಹಿರಿಯರಲ್ಲಿ ಯಾರೂ ತೂಕ ಇಳಿದಿರಲಿಲ್ಲ. ಈಗ ಹೊಸಬರನ್ನ ಮೊದಲ ವಾರ ಅವಳ ಜೊತೆಗೇ ಬಿಡ್ತೀವಿ. ಶೀಟಲ್ಲಿ ನಾನು ಸಿಬ್ಬಂದಿ ಹೆಸರು ಬರೆಯಲ್ಲ ಅನ್ನೋದು ಎಲ್ರಿಗೂ ಗೊತ್ತು. ಅವಳದ್ದು ಗೊತ್ತಾಗಿದ್ದು ಆ ವಿಂಗಲ್ಲಿ ಅವಳೊಬ್ಬಳೇ ಇದ್ದಿದ್ರಿಂದ.

ಎಣಿಕೆ ವಿಷಯಕ್ಕೆ ಬಂದ್ರೆ, 60 ಬೆಡ್ಡು, 30 ದಿನ, 1800 ಬೆಡ್-ದಿನ. ಮುಂಚೆ ತಿಂಗಳಿಗೆ ಬೀಳೋದು ಮೂರು ಅಂತ ಬರೀತಿದ್ರು, ಸಾವಿರಕ್ಕೆ 1.7 ಆಯ್ತು, ಯಾವ ಫಾರಿನ್ ಹೋಮಿಗೂ ಕಮ್ಮಿ ಇಲ್ಲ ಅಂತ ಮೀಟಿಂಗಲ್ಲಿ ಚಪ್ಪಾಳೆ. ಬಿದ್ದಿದ್ದು ಹೇಳಿದ್ರೆ ಮೆಮೋ ಇಲ್ಲ ಅಂತ ನಾನು ಮಾಲೀಕರ ಕೈಲಿ ಬರೆಸಿ ಗೋಡೆಗೆ ಅಂಟಿಸಿದೆ, ಮುಂದಿನ ತಿಂಗಳು ಹನ್ನೊಂದೋ ಏನೋ ಬಂತು. ಸಾವಿರಕ್ಕೆ 6ರ ಮೇಲೆ! "ಸಿಸ್ಟರ್, ನೀವು ಬಂದ್ಮೇಲೆ ಜನ ಜಾಸ್ತಿ ಬೀಳ್ತಿದಾರಲ್ಲ" ಅಂದ್ರು ಮಾಲೀಕರು. ಸರ್, ಬೀಳ್ತಿದ್ದೋರು ಮುಂಚೆಯಿಂದ ಬೀಳ್ತಿದ್ರು, ಈಗ ಬರೀತಿದಾರೆ ಅಂತ ಹೇಳಿ ಅರ್ಥ ಮಾಡಿಸೋ ಹೊತ್ತಿಗೆ ನನಗೆ ಸಾಕಾಯ್ತು.

ಬೀಳೋ ಲೆಕ್ಕ ಒಂದನ್ನೇ ನೋಡಿದ್ರೆ ಮೋಸ ಹೋಗ್ತೀರಿ. ನಮ್ಮ ಒಂದು ವಿಂಗಲ್ಲಿ ಯಾರೂ ಬೀಳ್ತಾನೇ ಇರಲಿಲ್ಲ. ಹೋಗಿ ನೋಡಿದ್ರೆ ಬೆಡ್‌ಶೀಟನ್ನ ಎರಡೂ ಕಡೆ ಹಾಸಿಗೆ ಕೆಳಗೆ ಬಿಗಿಯಾಗಿ ಸಿಕ್ಕಿಸಿ, ಕುರ್ಚಿ ಮುಂದೆ ಟೇಬಲ್ ಅಡ್ಡ ಇಟ್ಟು ಕೂರಿಸಿದಾರೆ, ಎದ್ದೇಳೋಕೆ ಆದ್ರೆ ತಾನೇ ಬೀಳೋದು. ಹಾಗಾಗಿ ಬಿದ್ದವರು, ಕಟ್ಟಿಹಾಕಿದವರು, ನಿದ್ದೆ-ಸಮಾಧಾನದ ಮಾತ್ರೆ ತಗೊಳ್ಳೋರು, ಮೂರನ್ನೂ ಪಕ್ಕಪಕ್ಕ ಇಟ್ಟೇ ಓದಬೇಕು. ಮರೆವು ಇರೋ ಹಿರಿಯರಿಗೆ ಕೊಡೋ ಆಂಟಿಸೈಕೋಟಿಕ್‌ಗಳಿಂದ (ಮನೋರೋಗದ ಔಷಧಿ) ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಹೊಸ ಬಗೆಯ ಔಷಧಿಗಳಿಗೆ ಕಪ್ಪು ಚೌಕದ ಗಂಭೀರ ಎಚ್ಚರಿಕೆ ಹಾಕಿದೆ, 2008ರಲ್ಲಿ ಹಳೇ ಔಷಧಿಗಳಿಗೂ ವಿಸ್ತರಿಸಿದೆ. ನಾನು ಡಾಕ್ಟರ್ ಜೊತೆ ವಾದಕ್ಕೆ ಹೋಗಲಿಲ್ಲ. ಒಂದೊಂದು ಮಾತ್ರೆ ಎದುರಿಗೂ ಯಾಕೆ ಕೊಟ್ಟಿದ್ದು, ಯಾವಾಗ ನಿಲ್ಲಿಸೋದು ಅಂತ ಎರಡು ಖಾಲಿ ಕಾಲಮ್ ಮಾಡಿ ಅವರ ಟೇಬಲ್ ಮೇಲಿಟ್ಟೆ. ಬರೆಯೋಕೆ ಕಾರಣ ಸಿಗದ ಕೆಲವು ಮಾತ್ರೆ ತಾವಾಗೇ ನಿಂತ್ವು.

ಬೆಡ್‌ಸೋರ್ ಬಗ್ಗೆ ಜಾಸ್ತಿ ಹೇಳಲ್ಲ, ನಿಮಗೆ ಗೊತ್ತಿರೋದೇ. ಬರುವಾಗಲೇ ಇದ್ದಿದ್ದು ಬೇರೆ, ನಮ್ಮಲ್ಲಿ ಆಗಿದ್ದು ಬೇರೆ ಎಣಿಸಿ, ಇಲ್ಲಾಂದ್ರೆ ಆಸ್ಪತ್ರೆಯವರ ಪಾಪ ನಿಮ್ಮ ತಲೆಗೆ ಬರುತ್ತೆ. ಕಪ್ಪು ಮೈಬಣ್ಣದವರಿಗೆ ಮೊದಲನೇ ಗ್ರೇಡ್ (ಚರ್ಮ ಇನ್ನೂ ಒಡೆಯದ್ದು) ಕೆಂಪಾಗಿ ಕಾಣಲ್ಲ, ಕೈಬೆರಳಲ್ಲಿ ಮುಟ್ಟಿ ಬಿಸಿ ಇದೆಯಾ, ಗಟ್ಟಿ ಇದೆಯಾ ನೋಡಬೇಕು. ಹಿಮ್ಮಡಿ ಮರೀಬೇಡಿ. ಬ್ರೇಡನ್ ಸ್ಕೋರ್ ನಮ್ಮಲ್ಲಿ ಎಲ್ರಿಗೂ 16 ಅಂತ ಇತ್ತು, ನಡೆದಾಡೋರಿಗೂ 16! ಆದ್ರೆ ಒಂದು ತಮಾಷೆ ಹೇಳ್ತೀನಿ. ಏರ್‌ಬೆಡ್ ಎಲ್ಲ ಹಾಕಿಸಿದ್ರೂ ಒಂದು ರೂಮಲ್ಲಿ ಹುಣ್ಣು ನಿಲ್ತಾನೇ ಇಲ್ಲ. ರಾತ್ರಿ ಹೋಗಿ ಹಾಸಿಗೆ ಕೆಳಗೆ ಕೈ ಹಾಕಿದ್ರೆ ಗಾಳಿಯೇ ಇಲ್ಲ, ಮೂಳೆ ನೇರ ಮಂಚಕ್ಕೆ ಒತ್ತುತ್ತಾ ಇದೆ. ಪಂಪಿನ ಪ್ಲಗ್ ಕಿತ್ತು ಅಲ್ಲಿ ಮೊಬೈಲ್ ಚಾರ್ಜಿಗೆ ಹಾಕಿದಾರೆ. ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದು ಸ್ಟಾಫ್ ರೂಮಲ್ಲಿಟ್ಟೆ, ಇಷ್ಟು ವರ್ಷದಲ್ಲಿ ನಾನು ಮಾಡಿಸಿದ ಅತಿ ಅಗ್ಗದ ಹುಣ್ಣಿನ ಚಿಕಿತ್ಸೆ ಅದು.

ಮಧ್ಯೆ ಮಧ್ಯೆ ಸಣ್ಣಪುಟ್ಟ ಪ್ರಯೋಗ ಮಾಡ್ತಾ ಇರ್ತೀನಿ. ಬೆಳಿಗ್ಗೆ ಒಂಬತ್ತಕ್ಕೆ ಹಲ್ಲುಜ್ಜೋ ಬ್ರಷ್ ಮುಟ್ಟಿ ನೋಡೋದು, ಚಾರ್ಟಲ್ಲಿ ಬಾಯಿ ಕ್ಲೀನ್ ಆಗಿರುತ್ತೆ, ಬ್ರಷ್ಷು ಮಾತ್ರ ಖಡಖಡ ಒಣಗಿರುತ್ತೆ. ಚರ್ಮಕ್ಕೆ ಹಚ್ಚೋ ಕ್ರೀಮ್ ಟ್ಯೂಬಿನ ಮೇಲೆ ಮಾರ್ಕರಲ್ಲಿ ತಾರೀಖು ಬರೆದಿಡೋದು, ವಾರಕ್ಕೆ ಮುಗಿಯಬೇಕಾದ ಟ್ಯೂಬ್ ತಿಂಗಳಾದ್ರೂ ಹಂಗೇ ಇತ್ತು. ಕೈಗೆ ಹಚ್ಚೋ ಸ್ಯಾನಿಟೈಸರ್ ಸಾವಿರ ಬೆಡ್-ದಿನಕ್ಕೆ ಎಷ್ಟು ಲೀಟರ್ ಅಂತ ಲೆಕ್ಕ ಇಟ್ಟೆ, ಆಸ್ಪತ್ರೆಗಳಿಗೆ ಡಬ್ಲ್ಯೂಎಚ್‌ಒ ಹೇಳೋ 20 ಲೀಟರ್ ನಮ್ಮಂಥ ಜಾಗಕ್ಕೆ ಹೊಂದಲ್ಲ, ಆದ್ರೆ ನಮ್ಮದೇ ಹಿಂದಿನ ತಿಂಗಳ ಜೊತೆ ಹೋಲಿಸೋಕೆ ಸಾಕು. ಬೆಲ್ ಪರೀಕ್ಷೆ ಸ್ವಲ್ಪ ವಿಚಿತ್ರ ಆಯ್ತು, ನಾನೇ ಬೆಲ್ ಒತ್ತಿ ವಾಚ್ ನೋಡ್ಕೊಂಡು ಕೂತೆ, ಹಗಲು ಮೂರು ನಾಲ್ಕು ನಿಮಿಷ, ಶಿಫ್ಟ್ ಬದಲಾಗೋವಾಗ ಕಾಲು ಗಂಟೆ ಮೇಲೆ. ಆಮೇಲೆ ಹೊಳೀತು, ಅರ್ಧಕ್ಕರ್ಧ ಬೆಲ್ಲಿನ ಸ್ವಿಚ್ಚು ಮಂಚದ ಹಿಂದೆ ನೇತಾಡ್ತಿದೆ, ಹಿರಿಯರ ಕೈಗೇ ಸಿಗಲ್ಲ, ನಾನು ಏನನ್ನ ಅಳೀತಿದೀನಿ! ಆ ಪ್ರಯೋಗ ಬಿಟ್ಟು ಬೆಲ್ ಕೈಗೆ ಸಿಗುತ್ತಾ ಅನ್ನೋದನ್ನ ಮಾತ್ರ ಈಗ ಎಣಿಸ್ತೀನಿ. ಅಮೆರಿಕದ ನಿಯಮದಲ್ಲಿ ರಾತ್ರಿ ಊಟಕ್ಕೂ ಬೆಳಗಿನ ತಿಂಡಿಗೂ ಮಧ್ಯೆ 14 ಗಂಟೆ ಮೀರಬಾರದು ಅಂತಿದೆ, ನಮ್ಮದು ನೋಡಿದ್ರೆ ಹದಿನಾಲ್ಕೂವರೆ, ಮಲಗೋ ಮುಂಚೆ ಒಂದು ಲೋಟ ಹಾಲು ಸೇರಿಸಿ ಸರಿಮಾಡಿದ್ವಿ.

ಹಿರಿಯರನ್ನ ಮಾತಾಡಿಸುವಾಗ "ಚೆನ್ನಾಗಿ ನೋಡ್ಕೋತಾರಾ?" ಅಂತ ಕೇಳಬೇಡಿ, ಎಲ್ರೂ ಹೂಂ ಅಂತಾರೆ. ನಿನ್ನೆ ರಾತ್ರಿ ಬಾತ್‌ರೂಮಿಗೆ ಅವಸರ ಆದಾಗ ಏನ್ಮಾಡಿದ್ರಿ ಅಂತ ಕೇಳಿ. ಒಬ್ರು ಅಜ್ಜಿ ನನ್ನ ಕೈ ಹಿಡ್ಕೊಂಡು "ಆ ಹುಡುಗೀರಿಗೆ ಯಾಕವ್ವ ತೊಂದರೆ, ಸಂಜೆ ಮೇಲೆ ನಾನು ನೀರೇ ಕುಡಿಯಲ್ಲ" ಅಂದ್ರು. ಅವರಿಗೆ ಪದೇಪದೇ ಮೂತ್ರದ ಸೋಂಕು, ಮಲಬದ್ಧತೆ, ಆಗಾಗ ಮತಿ ತಪ್ಪಿದ ಹಾಗೆ ಮಾತು, ಕಾರಣ ಏನು ಅಂತ ಟೆಸ್ಟ್ ಮೇಲೆ ಟೆಸ್ಟ್ ಮಾಡಿಸ್ತಿದ್ವಿ. ಅದೇ ಪ್ರಶ್ನೆ ಬೇರೆಯವರಿಗೆ ಕೇಳಿದೆ. ಮಾತಾಡೋಕೆ ಆಗೋರಲ್ಲಿ ಮೂರನೇ ಒಂದು ಪಾಲು ಜನ ಇದೇ ಮಾಡ್ತಿದ್ರು. ಮಾತು ನಿಂತವರ ನೋವಿಗೆ ಪೇನ್‌ಎಡಿ ಸ್ಕೇಲ್ ಇದೆ, ಉಸಿರು, ನರಳಾಟ, ಮುಖ, ಮೈ ಭಾಷೆ, ಸಮಾಧಾನ ಆಗ್ತಾರಾ ಇಲ್ವಾ, 10ಕ್ಕೆ ಅಂಕ. ಮಗ್ಗುಲು ಬದಲಿಸೋವಾಗ ನೋಡಿ, ಮಲಗಿರೋವಾಗ ನೋಡಿದ್ರೆ ಎಲ್ರಿಗೂ ಸೊನ್ನೆ ಬರುತ್ತೆ.

ದುಡ್ಡಿಗೆ ಬರ್ತೀನಿ, ಮಾಲೀಕರನ್ನ ಒಪ್ಪಿಸಿದ್ದು ಕರುಣೆ ಅಲ್ಲ, ಇದೇ. ಎರಡು ಆಳದ ಹುಣ್ಣಿಗೆ ಡ್ರೆಸ್ಸಿಂಗ್ ಸಾಮಾನು, ಮೇಲೆ ಗಾಯ ನೋಡೋ ಡಾಕ್ಟರ್ ಫೀಸು ಸೇರಿ ತಿಂಗಳಿಗೆ ಒಬ್ಬ ಆಯಾ ಸಂಬಳ ದಾಟ್ತಿತ್ತು. ಆಸ್ಪತ್ರೆಗೆ ಹೋದವರ ಬೆಡ್ ಖಾಲಿ ಇದ್ದ ದಿನಗಳ ನಷ್ಟ ಅದಕ್ಕಿಂತ ದೊಡ್ಡದು, ಅದನ್ನ ಯಾರೂ ಕ್ವಾಲಿಟಿ ಖರ್ಚು ಅಂತ ಬರೀತಿರಲಿಲ್ಲ. ನಾನು ಕೇಳಿದ್ದು ಊಟದ ಹೊತ್ತಿಗೆ ಮಾತ್ರ ನಾಲ್ಕು ಗಂಟೆ ಬರೋ ಇಬ್ಬರು. ಅಕೌಂಟ್ಸ್‌ನವರು ದುಡ್ಡಿಲ್ಲ ಅಂದ್ರು, ಆರು ತಿಂಗಳು ನೋಡಿ ಆಮೇಲೆ ತೆಗೆದುಹಾಕಿ ಅಂದೆ. ಆರು ತಿಂಗಳಲ್ಲಿ ಹೊಸ ಹುಣ್ಣು ಮೂರನೇ ಒಂದು ಭಾಗಕ್ಕೆ ಇಳೀತು, ತೂಕ ಇಳಿಯೋರ ಪಟ್ಟಿ ಅರ್ಧ ಆಯ್ತು, ಗಂಟೆ ನೋಡಿ ಎಲ್ರನ್ನೂ ಎಬ್ಬಿಸಿ ಡಯಾಪರ್ ಬದಲಿಸೋದು ಬಿಟ್ಟು ಅವರವರ ಹೊತ್ತಿಗೆ ಬಾತ್‌ರೂಮಿಗೆ ಕರ್ಕೊಂಡು ಹೋಗೋಕೆ ಶುರು ಮಾಡಿದ್ರಿಂದ ಡಯಾಪರ್ ಬಿಲ್ಲೇ ಐದರಲ್ಲಿ ಒಂದು ಪಾಲು ಕಮ್ಮಿ. ಸಂಜೆ ಐದರಿಂದ ಏಳರ ಮಧ್ಯೆ ಬೀಳೋರು ಜಾಸ್ತಿ ಇದ್ರು, ಬಾತ್‌ರೂಮಿಗೆ ಒಬ್ಬೊಬ್ರೇ ಎದ್ದು ಹೋಗೋರು, ಅದೂ ಇದರಲ್ಲೇ ಇಳೀತು. ಇಬ್ಬರ ಸಂಬಳ ಕಳೆದು ಇನ್ನೂ ಉಳೀತು. ಈಗ ಅಕೌಂಟ್ಸ್‌ನವರೇ ತಿಂಗಳ ಕೊನೇಲಿ "ಸಿಸ್ಟರ್, ನಿಮ್ಮ ತೂಕದ ಶೀಟ್ ಬಂತಾ" ಅಂತ ಕೇಳ್ತಾರೆ. ಡ್ರೆಸ್ಸಿಂಗ್ ಆರ್ಡರನ್ನ ತೂಕದ ಶೀಟ್ ನೋಡಿ ಮುಂಚೇನೇ ಅಂದಾಜು ಮಾಡೋ ಒಂದು ಲೆಕ್ಕ ಇದೆ, ಅದು ನನ್ನ ಹತ್ರಾನೇ ಇರಲಿ.

ಕಷ್ಟ ಇನ್ನೂ ಇದೆ. ನಾನೊಬ್ಬಳೇ ಕೂತ್ರೆ ಅದು ನನ್ನ ಕಣ್ಣಿನ ಲೆಕ್ಕ ಅಷ್ಟೆ, ರಜೆ ಹಾಕಿದ್ರೆ ಎಲ್ಲ ನಿಲ್ಲುತ್ತೆ. ಅದಕ್ಕೆ ಇನ್ನೊಬ್ಬ ಸಿಸ್ಟರನ್ನ ತಯಾರು ಮಾಡ್ತಿದೀನಿ, ಇಬ್ಬರೂ ಒಂದೇ ಹೊತ್ತಲ್ಲಿ ಬೇರೆ ಬೇರೆ ಮೂಲೇಲಿ ಕೂತು ಗುರುತು ಹಾಕಿ ಆಮೇಲೆ ಹೋಲಿಸ್ತೀವಿ. ಹತ್ತರಲ್ಲಿ ಏಳೆಂಟು ತಾಳೆ ಆಗುತ್ತೆ. ಗದರಾಟಕ್ಕೆ, ಖಾಲಿಗೆ ಜಗಳವೇ ಇಲ್ಲ. ಬಾಯಿ ಬಿಡದೇ ತಲೆ ಬಾಚಿದ್ರು ಆದ್ರೆ ಮೆಲ್ಲಗೆ ಬಾಚಿದ್ರು, ಇದಕ್ಕೆ ಯಾವ ಗುರುತು ಅಂತ ಮೊನ್ನೆ ಡ್ಯೂಟಿ ಮುಗಿದ್ಮೇಲೂ ಒಂದು ಗಂಟೆ ವಾದ ಮಾಡಿದ್ವಿ. ಅವಳು ಒಳ್ಳೇದು ಅಂತಾಳೆ, ನಾನು ಇನ್ನೂ ಒಪ್ಪಿಲ್ಲ. ಮುಂದಿನ ತಿಂಗಳು ರಾತ್ರಿ ಪಾಳಿಗೆ ಅವಳನ್ನ ಒಬ್ಬಳನ್ನೇ ಕೂರಿಸಿ ನೋಡ್ತೀನಿ.